ದುಡ್ಡು ಪೂರಾ ಉಂಡು

ಚೆನ್ನಯ ಆ ಮಾತು ಆಡಿದಾಗ ಕಾಶಪ್ಪನ ಬಾಯಿಯಲ್ಲಿ ಅರ್ಧ ಇಡ್ಲಿ ಇತ್ತು. ನುಂಗುವುದೋ ಉಗುಳುವುದೋ ತಿಳಿಯದೆ ಹಾಗೇ ಕೂತುಬಿಟ್ಟ.

ಮುಂಬೈ ಫೋರ್ಟಿನ ಆ ಉಡುಪಿ ಹೋಟೆಲಿನ ನೆತ್ತಿಯ ಮೇಲೆಯೇ ಮಹಾಸಾಗರ ಇನ್‌ವೆಸ್ಟ್‌ಮೆಂಟ್ ಕಂಪನಿಯ ಆಫೀಸು. ಬಟ್ಟೆ ಗಿರಣಿ, ಸಕ್ಕರೆ ಕಾರ್ಖಾನೆ, ಚಹಾ ತೋಟ, ಎಲ್ಲದರಲ್ಲೂ ಅದರ ಪಾಲು. ಆದರೆ ಈ ವರ್ಷ ಅದಕ್ಕೆ ಯಾವ ಗಾಳಿ ಬಡಿಯಿತೋ, ಗಿರಣಿ ಮಾರಿತು, ತೋಟ ಮಾರಿತು, ಕೊಳ್ಳುವ ಮಾತನ್ನೇ ಎತ್ತಲಿಲ್ಲ. ಕನ್ಯೆ ನೋಡಲು ಬಂದು ಅವಲಕ್ಕಿ ತಿಂದು ಸುಮ್ಮನೆ ಎದ್ದು ಹೋಗುವವರ ಹಾಗೆ ಕಂಡಕಂಡ ಕಾರ್ಖಾನೆಗಳ ಬಾಗಿಲಿಗೆ ಹೋಗಿ ಬರುತ್ತಿತ್ತು. ಮಾರಿ ಬಂದ ನಗದು ತಿಜೋರಿಯಲ್ಲಿದೆಯೋ, ಮಾಲೀಕ ಸೇಠಜಿಯ ಅಳಿಯಂದಿರ ಜೇಬಿನಲ್ಲಿದೆಯೋ ಎಂದು ಪೇಪರಿನವರು ಕೇಳತೊಡಗಿದ್ದರು.

ಆ ಕಂಪನಿಯೊಳಗೆ ಕಾಶಪ್ಪನ ಹೆಂಡತಿ ಅಂಬವ್ವನ ನಾಲ್ಕು ಬಂಗಾರದ ಪಾಟ್ಲಿ ಬಳೆಗಳಿದ್ದವು. ಬೆಳಗಾವಿಯಿಂದ ಖಣ ತರಿಸಿ ಕುರ್ಲಾದಲ್ಲಿ ಮಾರುತ್ತಿದ್ದ ಕಾಶಪ್ಪ, ಅವಳ ತಂಗಿಯ ಮಗಳ ಮದುವೆಗೆ ಗೋಕಾಕಕ್ಕೆ ಹೋಗುವ ಹೊತ್ತಿಗೆ ನಾಲ್ಕು ಆರಾಗುತ್ತವೆಂದು ಆಣೆಯಿಟ್ಟು, ಅವನ್ನು ಮಾರಿ ಶೇರು ಕೊಂಡಿದ್ದ. ಅಂದಿನಿಂದ ಈ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ಕಂಪನಿಯನ್ನು ಕಾಯುವುದೇ ಅವನಿಗೆ ಇನ್ನೊಂದು ಉದ್ಯೋಗವಾಗಿತ್ತು.

ಇವತ್ತು ಮೇಲೆ ಡೈರೆಕ್ಟರುಗಳ ಮೀಟಿಂಗು. ಕಾಫಿ ಕೊಟ್ಟು ಇಳಿದು ಬಂದ ಸಪ್ಲೈಯರ್ ಚೆನ್ನಯ, ದೋಸೆ ಹುಯ್ಯುತ್ತಿದ್ದ ದೂಜನಿಗೆ ಕೂಗಿ ಹೇಳಿದ್ದು ಇಷ್ಟೇ: "ದುಡ್ಡು ಪೂರಾ ಉಂಡು ಮಾರಾಯ!" ಹೇಳಿ ನಕ್ಕ ಬೇರೆ.

ಕಾಶಪ್ಪ ಮುಂದಿನ ಮಾತಿಗೆ ಕಾದ. ಉಂಡು ಏನು ಮಾಡಿದರು? ಓಡಿ ಹೋದರೇ? ಕೈ ತೊಳೆದುಕೊಂಡರೇ? ಆದರೆ ಅವರಿಬ್ಬರ ಮಾತು ಅಲ್ಲಿಗೇ ಮುಗಿದಿತ್ತು. ಚೆನ್ನಯನನ್ನೇ ಕೇಳಬಹುದಿತ್ತು ನಿಜ. ಆದರೆ ಮುಂಬೈಯಲ್ಲಿ ತನಗೆ ಬಾರದ ಭಾಷೆಯೇ ಇಲ್ಲವೆಂಬುದು ಕಾಶಪ್ಪನ ದೊಡ್ಡಸ್ತಿಕೆ. "ತುಳು ಅಂದ್ರ ಮತ್ತೇನ್ರಿ, ಮಳ್ಯಾಗ ತೊಯ್ದ ಕನ್ನಡ," ಎಂದು ಚಾಳಿನಲ್ಲೆಲ್ಲ ಹೇಳಿಕೊಂಡು ತಿರುಗಿದವನು ಹೋಟೆಲಿನ ಸಪ್ಲೈಯರನ ಮುಂದೆ ನಿಂತು ಅರ್ಥ ಕೇಳುವುದುಂಟೇ?

ಪ್ಲೇಟು ಬಿಟ್ಟು ಶೇರು ದಲ್ಲಾಳಿ ಪರಪ್ಪನ ಬಳಿ ಓಡಿದ.

"ಪರಪ್ಪನವರ, ನನ್ನ ಶೇರು ಬಂದಷ್ಟಕ್ಕ ಮಾರಿಬಿಡ್ರಿ. ಮ್ಯಾಲಿನವ್ರು ರೊಕ್ಕ ಪೂರಾ ಉಂಡಾರಂತ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಮತ್ತ."

ಪರಪ್ಪ ತಾನಾಗಿ ಬಾಯಿ ಬಿಡಲಿಲ್ಲ. ಕೇಳಿದವರಿಗೆ ಮಾತ್ರ ಹೇಳಿದ. ಆ ಶೇರುಪೇಟೆಯ ಗಲ್ಲಿಯಲ್ಲಿ ಕೇಳದವರು ಯಾರೂ ಇರಲಿಲ್ಲ. ಮಧ್ಯಾಹ್ನಕ್ಕೆಲ್ಲ ಮಹಾಸಾಗರದ ದರ ಜಾರತೊಡಗಿತು. ಕಾಶಪ್ಪನ ಶೇರು ಅವನೇ ಎಬ್ಬಿಸಿದ ಸುದ್ದಿಯ ದರಕ್ಕೆ ಹೋಯಿತು.

ಸಂಜೆ ಕುರ್ಲಾದ ಖೋಲಿಗೆ ಬಂದು ರೊಕ್ಕವನ್ನು ಅಂಬವ್ವನ ಮುಂದಿಟ್ಟ. ಮೂರು ಪಾಟ್ಲಿಗೆ ಆಗುವಷ್ಟಿತ್ತು.

"ಮೂರೇನ್ರಿ?" ಎಂದಳು ಅಂಬವ್ವ. "ಎಡಗೈಗೆ ಎರಡು, ಬಲಗೈಗೆ ಒಂದು ಹಾಕ್ಕೊಂಡು ಮದವಿ ಮನ್ಯಾಗ ನಿಂದರ್ಲೇನು?"

"ಇಷ್ಟರೆ ಉಳೀತಲ್ಲ, ದೇವರ ದಯಾ ಅನ್ನು. ಚೆನ್ನಯ ಹೇಳಿದ್ದು ನನ್ನ ಕಿವೀಲೆ ಕೇಳೇನಿ, ದುಡ್ಡು ಪೂರಾ ಉಂಡು ಅಂತ."

ಕೊಡ ಹಿಡಿದು ನಲ್ಲಿಗೆ ಹೊರಟಿದ್ದ ಪಕ್ಕದ ಖೋಲಿಯ ಮಂಗಳೂರಿನ ವಾರಿಜಾ ಬಾಗಿಲಲ್ಲಿ ನಿಂತಳು. "ಒಳ್ಳೇದೇ ಆಯ್ತಲ್ಲ ಕಾಶಪ್ಪಣ್ಣ. ದುಡ್ಡು ಉಂಟು ಅಂತಾದ್ರೆ ಮತ್ತೆಂತ ಹೆದರಿಕೆ?"

"ಉಂಟು ಅಲ್ಲ ತಂಗಿ, ಉಂಡು!"

"ಅದೇ ಅಲ್ವಾ? ನಮ್ಮ ತುಳುವಲ್ಲಿ ಉಂಡು ಅಂದ್ರೆ ಉಂಟು ಅಂತ. ದುಡ್ಡೆಲ್ಲ ಅಲ್ಲೇ ಉಂಟು ಅಂತ ಹೇಳಿದ್ದು ಅವ."

ಕಾಶಪ್ಪ ಗೋಡೆಗೆ ಒರಗಿದ. ಹೆಂಡತಿ ಬೈಯುತ್ತಾಳೆಂದು ಕಾದ. ಬೈದಿದ್ದರೆ ಜೀವ ಹಗುರಾಗುತ್ತಿತ್ತು. ಅವಳು ಮಾತೇ ಬಿಟ್ಟಳು.

ಮರುದಿನ ಪೇಪರಿನಲ್ಲಿ ಬಂತು: ಮಹಾಸಾಗರ ಕಂಪನಿ ಕೂಡಿಟ್ಟ ನಗದನ್ನೆಲ್ಲ ಹೊರತೆಗೆದು ದೊಡ್ಡದೊಂದು ಸಿಮೆಂಟು ಕಾರ್ಖಾನೆ ಕೊಂಡಿದೆ. ಶೇರು ಜಿಗಿಯಿತು. ಆರಲ್ಲ, ಏಳು ಪಾಟ್ಲಿ ಆಗುತ್ತಿದ್ದವು. ಹೊಟ್ಟೆ ಉರಿದುಕೊಂಡು ಹೋಟೆಲಿನಲ್ಲಿ ಕೂತರೆ ಚೆನ್ನಯ ಕೇಳದೆಯೇ ಶಿರಾ ತಂದಿಟ್ಟ.

"ಇದು ನನ್ನ ಲೆಕ್ಕದಲ್ಲಿ, ಕಾಶಪ್ಪಣ್ಣ. ನಿನ್ನೆ ನಾನೂ ಒಂದಿಷ್ಟು ಶೇರು ತಕೊಂಡೆ ಮಾರಾಯ್ರೆ. ಯಾರೋ ಪುಣ್ಯಾತ್ಮ ಸಸ್ತಾದಲ್ಲಿ ಬಿಟ್ಟು ಹೋಗಿದ್ದ."

ಪುಣ್ಯಾತ್ಮ ಶಿರಾ ತಿಂದ. ರುಚಿಯಾಗಿಯೇ ಇತ್ತು, ಅದೊಂದು ಸಂಕಟ.

ಅಂಬವ್ವ ಆ ರೊಕ್ಕದಲ್ಲಿ ಮೂರು ಪಾಟ್ಲಿ ಮಾಡಿಸಿ ಹಾಕಿಕೊಂಡಳು, ಆದರೆ ಗೋಕಾಕಕ್ಕೆ ಹೊರಡುವ ಹಿಂದಿನ ಸಂಜೆಯವರೆಗೂ ಗಂಡನೊಂದಿಗೆ ಒಂದು ಮಾತೂ ಆಡಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ನೀಡುತ್ತಿದ್ದಳು, ಅಷ್ಟೇ. ಅವಳ ದನಿ ಕೇಳದೆ ಕಾಶಪ್ಪನಿಗೆ ಮನೆಯೇ ಪರವೂರಾಗಿತ್ತು. ಆ ಸಂಜೆ ಗಂಗಾಳ ಖಾಲಿ ಮಾಡಿ ಮೆಲ್ಲಗೆ ಕೇಳಿದ.

"ರೊಟ್ಟಿ ಇನ್ನೂ ಅದಾವೇನು?"

ಅಂಬವ್ವ ತಲೆ ಎತ್ತಲಿಲ್ಲ.

"ಉಂಡು," ಎಂದಳು.

ಅದು ಯಾವ ಊರಿನ ಉಂಡು ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಗಂಗಾಳವನ್ನು ಸ್ವಲ್ಪ ಮುಂದಕ್ಕೆ ಸರಿಸಿ ಕಾದ. ಒಂದೇ ಪಾಟ್ಲಿಯ ಬಲಗೈ ರೊಟ್ಟಿ ಬುಟ್ಟಿಯ ಮೇಲಿನ ಬಟ್ಟೆಯನ್ನು ಸರಿಸಿತು.