ಅನೀಶನ ಬಳೆ

ಮುರಳೀಧರ ಮಾವನ ಕಾರಿಗೆ ಹದಿನೈದು ವರ್ಷ ತುಂಬಿದ್ದೇ ತಡ, ಮಯೂರ್ ವಿಹಾರದ ಆ ಮನೆಯಲ್ಲಿ ಅದು ಯಾರಿಗೂ ಬೇಡವಾಯಿತು. ಅಷ್ಟು ಹಳೆಯ ಕಾರನ್ನು ದಿಲ್ಲಿಯಲ್ಲಿ ಓಡಿಸುವಂತಿಲ್ಲ, ಇನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ಗುಜರಿಗೆ ಹಾಕಬೇಕು, ಇಲ್ಲವೇ ಬೇರೆ ರಾಜ್ಯಕ್ಕೆ ಒಯ್ಯಬೇಕು. ಸೊಸೈಟಿಯಲ್ಲಿ ಫ್ಲಾಟಿಗೊಂದೇ ಪಾರ್ಕಿಂಗ್ ಜಾಗ. ಗುರುಗ್ರಾಮದಲ್ಲಿ ಕೆಲಸ ಮಾಡುವ ಮಾವನ ಮಗ ಅನೀಶ್ ಹೊಸ ಕಾರು ಬುಕ್ ಮಾಡಿ ಕೂತಿದ್ದ.

ಹಳೆಯದು ಬೇಕಾಗಿದ್ದದ್ದು ಹರ್ಷಿಣಿಗೆ ಮಾತ್ರ. ಮಾವನ ತಂಗಿಯ ಮಗಳು, ದಿಲ್ಲಿಯದೇ ರೋಹಿಣಿ ಬಡಾವಣೆಯ ಹಾಸ್ಟೆಲಿನಲ್ಲಿದ್ದು ಮೆಕ್ಯಾನಿಕಲ್ ಕೊನೆಯ ವರ್ಷ ಓದುತ್ತಿದ್ದಳು. ಡ್ರೈವಿಂಗ್ ಕಲಿತದ್ದು ಇದೇ ಕಾರಿನಲ್ಲಿ. ಓದು ಮುಗಿದ ಮೇಲೆ ಇದನ್ನೇ ಓಡಿಸಿಕೊಂಡು ಮೈಸೂರಿಗೆ ಹೋಗುವ ಆಸೆ ಅವಳದು. ಮಾವ ಕಾಗದಪತ್ರ ಮಾಡಿಸಿಟ್ಟಿದ್ದರು, ಆದರೆ ಎಂಜಿನ್ನಿನಿಂದ ಆಯಿಲ್ ಸೋರುತ್ತಿತ್ತು. ಸೋಮವಾರ ಗುಜರಿಯವರು ಬರುವುದರೊಳಗೆ ಸೋರಿಕೆ ನಿಂತರೆ ಕಾರು ಅವಳದು, ಇಲ್ಲವಾದರೆ ಗುಜರಿಯದು.

ಹೋಗಿದ್ದದ್ದು ಕ್ರ್ಯಾಂಕ್ ಪುಲ್ಲಿಯ, ಅಂದರೆ ಎಂಜಿನ್ನಿನ ಬೆಲ್ಟು ತಿರುಗಿಸುವ ಗಾಲಿಯ, ಹಿಂದಿನ ಸೀಲು. ಸೀಲು ಹಾಕಲು ಪುಲ್ಲಿ ಕೀಳಬೇಕು, ಪುಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಶನಿವಾರ ಬೆಳಿಗ್ಗೆ ಹರ್ಷಿಣಿ ಕಾರನ್ನು ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಒಂದು ಚಕ್ರ ಬಿಚ್ಚಿ, ಆ ಮೂಲೆಯನ್ನು ಇಟ್ಟಿಗೆಯ ಮೇಲೆ ಕೂರಿಸಿದಳು. ಮಧ್ಯದ ಬೋಲ್ಟು ಬಂತು. ಪುಲ್ಲಿ ಬರಲಿಲ್ಲ.

ಅನೀಶ್ ಕಾಫಿ ಲೋಟ ಹಿಡಿದು ಕೆಳಗಿಳಿದು ಬಂದ. ತಾನು ಕೀಳುತ್ತೇನೆಂದ.

"ನೀನು ಟಾರ್ಚ್ ಹಿಡಿ, ಅಷ್ಟೇ ಸಾಕು. ಲೇಡೀಸ್ ಕೆಲಸ ಅಲ್ಲ ಇದು."

ಅವಳು ಅವನನ್ನು ಮುಟ್ಟಗೊಡಲಿಲ್ಲ. ಪುಲ್ಲಿ ಅಂದರೆ ಒಂದೇ ತುಂಡಲ್ಲ, ನಡುವಿನ ಗುಬ್ಬಟಕ್ಕೂ ಹೊರಗಿನ ಬಳೆಗೂ ಮಧ್ಯೆ ರಬ್ಬರ್ ಇದೆ, ಎಳೆಯುವ ಸಾಧನವಾದ ಪುಲ್ಲರಿನ ಕಾಲುಗಳನ್ನು ಹೊರಗಿನ ಬಳೆಗೆ ಸಿಕ್ಕಿಸಿ ಎಳೆದರೆ ರಬ್ಬರ್ ಹರಿದುಹೋಗುತ್ತದೆ, ಗುಬ್ಬಟದಲ್ಲಿರುವ ತೂತುಗಳಿಗೆ ಬೋಲ್ಟು ಹಾಕಿಯೇ ಎಳೆಯಬೇಕು ಎಂದು ಬಿಡಿಸಿ ಹೇಳಿದಳು. ಬೇಕಾದ ಉದ್ದದ ಬೋಲ್ಟು ಅವಳ ಹತ್ತಿರ ಇರಲಿಲ್ಲ. ಕಾಶ್ಮೀರಿ ಗೇಟಿನ ಬಿಡಿಭಾಗದ ಅಂಗಡಿಗಳಿಂದ ತರುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದು ಮಾವನಿಗೂ ಹೇಳಿ ಮೆಟ್ರೋ ಹತ್ತಿದಳು. ಅನೀಶ್ ಗಮನವಿಟ್ಟು ಕೇಳಿಸಿಕೊಂಡಿದ್ದ. ಅದೇ ತಪ್ಪಾಯಿತು. ಏನು ಮಾಡಿದರೆ ಕಾರು ಹಾಳಾಗುತ್ತದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವಳು ವಾಪಸು ಬಂದಾಗ ಅವನು ಗೇಟಿನಲ್ಲೇ ನಿಂತಿದ್ದ. ಪುಲ್ಲಿಯ ಹೊರಗಿನ ಬಳೆ ಅವನ ಮಣಿಕಟ್ಟಿನಲ್ಲಿತ್ತು. ಹರಿದ ರಬ್ಬರ್ ಅಂಚಿನಲ್ಲಿ ಜೋತಾಡುತ್ತಿತ್ತು. ಗುಬ್ಬಟ ಮಾತ್ರ ಎಂಜಿನ್ನಿಗೆ ಕಚ್ಚಿಕೊಂಡೇ ಉಳಿದಿತ್ತು.

"ಬಂತು ನೋಡು ನಿನ್ನ ಪುಲ್ಲಿ. ಕೈ ಕೊಡು, ತೊಡಿಸ್ತೀನಿ."

ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಸುಶೀಲಾ ಅತ್ತೆ ನಗು ತಡೆಯಲಾರದೆ ಒಳಗೆ ಹೋದರು. ಮಾವ ಪೇಪರ್ ಮಡಚಿದರು. ಆಗಿದ್ದು ಆಯಿತು, ಹೋಗಲಿ ಬಿಡಮ್ಮ, ಹೇಗೂ ಗುಜರಿಯವರು ಬರುತ್ತಾರಲ್ಲ ಎಂದರು.

ಹರ್ಷಿಣಿ ಜಗಳ ಆಡಲಿಲ್ಲ. ಅನೀಶನಿಗೆ ಥ್ಯಾಂಕ್ಸ್ ಹೇಳಿದಳು. ತನ್ನ ಜ್ಯಾಕು, ಸ್ಪ್ಯಾನರು, ಬಿಚ್ಚಿದ ಚಕ್ರದ ನಟ್ಟುಗಳು ಎಲ್ಲವನ್ನೂ ಬ್ಯಾಗಿಗೆ ತುಂಬಿದಳು. ಸ್ಟೀರಿಂಗ್ ಲಾಕ್ ಮಾಡಿ, ಬಾಗಿಲು ಹಾಕಿ, ಕೀ ಜೇಬಿಗಿಳಿಸಿ ಹಾಸ್ಟೆಲಿಗೆ ಹೊರಟಳು. ಆ ಕಾರಿಗೆ ಇದ್ದದ್ದು ಅದೊಂದೇ ಕೀ. ಇನ್ನೊಂದನ್ನು ಅನೀಶ್ ಕಾಲೇಜಿನಲ್ಲಿದ್ದಾಗಲೇ ಕಳೆದಿದ್ದ.

ಭಾನುವಾರ ಹೊಸ ಕಾರು ಹೂವಿನ ಹಾರ ಹಾಕಿಕೊಂಡು ಬಂತು. ಜಾಗದಲ್ಲಿ ಹಳೆಯದು ಮೂರು ಚಕ್ರದ ಮೇಲೆ ಕೂತಿತ್ತು. ಅನೀಶ್ ಹೊಸದನ್ನು ವಿಸಿಟರ್ ಪಾರ್ಕಿಂಗಿನಲ್ಲಿ ನಿಲ್ಲಿಸಿದ. ಒಂದು ಫ್ಲಾಟ್, ಒಂದು ಗಾಡಿ, ಹಳೆಯದು ಹೋಗುವವರೆಗೆ ಇದು ಕದಲಕೂಡದು ಎಂದು ಸೊಸೈಟಿಯ ಸೆಕ್ರೆಟರಿ ಅದರ ಚಕ್ರಕ್ಕೆ ಬೀಗ ಜಡಿಸಿದರು. ಹಾರ ಅಲ್ಲೇ ಬಾಡಿತು. ಸೋಮವಾರ ಬಂದ ಗುಜರಿಯವರು ಪಾರ್ಕಿಂಗಿನ ತಗ್ಗು ಸೂರು ನೋಡಿದರು, ಇಲ್ಲಿಗೆ ಕ್ರೇನ್ ಬರಲ್ಲ ಎಂದರು. ತಿರುಗದ ಸ್ಟೀರಿಂಗ್ ನೋಡಿದರು, ಇದನ್ನು ತಳ್ಳೋದಕ್ಕೂ ಆಗಲ್ಲ ಎಂದು ಹೊರಟೇಹೋದರು.

ಅತ್ತೆ ಫೋನಿನ ಮೇಲೆ ಫೋನ್ ಮಾಡಿದರು. ಹರ್ಷಿಣಿ ಲ್ಯಾಬಿನಲ್ಲಿದ್ದಳು, ಕ್ಲಾಸಿನಲ್ಲಿದ್ದಳು, ಆಮೇಲೆ ಅವಳಿಗೆ ಪರೀಕ್ಷೆಯಿತ್ತು. ಅನೀಶ್ ಗುರುಗ್ರಾಮಕ್ಕೆ ಮೆಟ್ರೋದಲ್ಲಿ ನಿಂತುಕೊಂಡು ಹೋದ. ವಾರ ಕಳೆದ ಮೇಲೆ ಮಾವನೇ ಕೇಳಿದರು.

"ಏನು ಬೇಕು ಹೇಳಮ್ಮ."

ಕಾರು ಬೇಕು ಎಂದಳು. ಹೊಸ ಪುಲ್ಲಿ ಅನೀಶ್ ತರಬೇಕು. ಮತ್ತೆ, ಕೆಲಸ ಮಾಡುವಾಗ ಟಾರ್ಚ್ ಹಿಡಿಯೋದಕ್ಕೆ ಒಬ್ಬರು ಬೇಕು.

ಮುಂದಿನ ಭಾನುವಾರ ದಿಲ್ಲಿಯ ಬೇಸಿಗೆಯ ಬಿಸಿಗಾಳಿ, ಲೂ, ಬೀಸುತ್ತಿತ್ತು. ತರಕಾರಿ ಗಾಡಿ ಬರುವ ಹೊತ್ತು, ಅರ್ಧ ಸೊಸೈಟಿ ಕೆಳಗಿಳಿದಿತ್ತು. ಅನೀಶ್ ಹೊಸ ಪುಲ್ಲಿ ತಂದಿಟ್ಟು, ಕಾರಿನ ಪಕ್ಕ ಮಂಡಿಯೂರಿ ಟಾರ್ಚ್ ಹಿಡಿದ. ಹರ್ಷಿಣಿ ಅವನ ಕೈ ನೋಡಿದಳು.

"ಬಳೆ ಎಲ್ಲಿ?"

"ಮಜಾಕ್ ಸಾಕು, ಹರ್ಷಿಣಿ."

"ತಗೊಂಬಾ. ಹಾಕ್ಕೊಂಡು ಹಿಡಿ. ನಾನು ಕಾಯ್ತೀನಿ."

ಅವನು ಅಪ್ಪನ ಮುಖ ನೋಡಿದ. ಮಾವ ಬೀಗ ಜಡಿದ ಹೊಸ ಕಾರಿನ ಕಡೆ ನೋಡುತ್ತಿದ್ದರು. ಅನೀಶ್ ಮೇಲೆ ಹೋಗಿ ಬಳೆ ತೊಟ್ಟು ಬಂದ. ಟೊಮೇಟೊ ಆರಿಸುತ್ತಿದ್ದ ಹೆಂಗಸರು ಆರಿಸುವುದನ್ನು ಬಿಟ್ಟರು. ಯಾರೋ ಫೋನ್ ಎತ್ತಿ ಹಿಡಿದರು. ಬಾಲ್ಕನಿಯಲ್ಲಿ ಈ ಸಲ ಯಾರೂ ನಗಲಿಲ್ಲ.

ಹರ್ಷಿಣಿ ಗುಬ್ಬಟದ ತೂತುಗಳಿಗೆ ಉದ್ದನೆಯ ಬೋಲ್ಟು ಹಾಕಿ ಪುಲ್ಲರ್ ಬಿಗಿದಳು. ಇನ್ನೊಂದು ಸುತ್ತು ತಿರುಗಿಸಿದಳು. ಒಳಗೆಲ್ಲೋ ಟಕ್ಕೆಂದಿತು. ಅಷ್ಟೇ. ತುಕ್ಕು ಬಿಟ್ಟಿತ್ತು, ಗುಬ್ಬಟ ಬೆಣ್ಣೆಯಂತೆ ಜಾರಿ ಅವಳ ಅಂಗೈಗೆ ಬಂತು.

ಅನೀಶನಿಗೆ ಅದು ಕಾಣುತ್ತಿರಲಿಲ್ಲ. ಬೆವರು ಅವನ ಕಣ್ಣಿಗಿಳಿಯುತ್ತಿತ್ತು, ಬಳೆಯ ಹಳೆ ಗ್ರೀಸು ಬಿಳಿ ಶರ್ಟಿನ ತೋಳಿಗಿಳಿಯುತ್ತಿತ್ತು.

"ಬಂತಾ?" ಎಂದ.

ಅವಳು ಗುಬ್ಬಟವನ್ನು ಮೆಲ್ಲಗೆ, ಸದ್ದಾಗದಂತೆ ಅದರ ಜಾಗಕ್ಕೇ ವಾಪಸು ತಳ್ಳಿದಳು.

"ಇಲ್ಲ, ಬಹಳ ಕಚ್ಚಿಕೊಂಡಿದೆ. ಟಾರ್ಚ್ ಸ್ವಲ್ಪ ಮೇಲೆ ಹಿಡಿ. ಕೈ ಅಲ್ಲಾಡಿಸಬೇಡ."