ಶನಿವಾರದ ಡಿಸ್ಕು, ಸೋಮವಾರದ ಡಿಸ್ಕು

ಚಪ್ಪಲಿಯ ತುದಿಗೆ ಅಂಟಿದ ಬಿಳಿ ನೀರು ಒಣಗಿ ಪುಡಿಯಾಗುತ್ತಿದೆ, ಲೆನ್ಸ್ ಉಜ್ಜುವ ಹಜಾರ ದಾಟಿ ಈ ಕೋಣೆಗೆ ಬರುವಾಗ ಎಷ್ಟು ಜಾಗ್ರತೆಯಾಗಿ ಕಾಲಿಟ್ಟರೂ ಅಂಟಿಕೊಂಡೇ ಬರುತ್ತದೆ, ಒರೆಸಿಕೊಳ್ಳಬೇಕು, ಆಮೇಲೆ, ಮೊದಲು ಪರದೆ — ಪರದೆಯಲ್ಲಿ ನೋಡುವುದಕ್ಕಾದರೂ ಏನಿದೆ, ಏನೂ ಇಲ್ಲ, ಹೋಲಿಸು ಎಂದೆ, ಹೋಲಿಸಿತು, ಮುಗಿಸಿತು, ಒಂದು ಸಾಲೂ ಬರೆಯಲಿಲ್ಲ, ವ್ಯತ್ಯಾಸವಿದ್ದರೆ ಬಾಯಿ ಬಿಡುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ, ಅದರ ಸ್ವಭಾವವೇ ಅಷ್ಟು, ನಿನ್ನೆಯೂ ಸುಮ್ಮನಿತ್ತು, ನಿನ್ನೆ ಆ ಮೌನವನ್ನೇ ಉತ್ತರವೆಂದು ಹೊತ್ತುಕೊಂಡು ಹೋಗಿ ಗಂಟಲು ಅವರಿಗೆ ಹೇಳಿಬಿಟ್ಟೆ — ಮ್ಯಾನೇಜರನ್ನು ಎಲ್ಲರೂ ಬೆನ್ನ ಹಿಂದೆ ಗಂಟಲು ಎಂದೇ ಕರೆಯುವುದು, ಒಂದು ಸಲ ಗಂಟಲು ಸರಿಮಾಡಿಕೊಳ್ಳದೆ ಆ ಮನುಷ್ಯ ಗುಡ್ ಮಾರ್ನಿಂಗ್ ಕೂಡ ಹೇಳುವುದಿಲ್ಲ — ಸರ್, ಶನಿವಾರದ್ದೂ ಸೋಮವಾರದ್ದೂ ಒಂದೇ, ಏನೂ ಬದಲಾಗಿಲ್ಲ, ಅವರು ಕೆಮ್ಮಿ, ಹಾಗಾದ್ರೆ ಯಂತ್ರದ್ದು ತಪ್ಪಿಲ್ಲ ಅಂತಾಯ್ತು, ನಿಮ್ಮ ಅತ್ತಿಗೆಯವರದೇ ಅಂತಾಯ್ತು, ಆಗ ನಾನು ತಲೆ ಅಲ್ಲಾಡಿಸಿದೆನಾ, ಅಲ್ಲಾಡಿಸಿದೆ. ಯಂತ್ರ ಅಂದರೆ ಲೆನ್ಸ್ ಉಜ್ಜುವ ಯಂತ್ರವಲ್ಲ, ಅದಕ್ಕೆ ಈ ಕಣ್ಣಿಗೆ ಇಷ್ಟು ಉಜ್ಜು ಆ ಕಣ್ಣಿಗೆ ಅಷ್ಟು ಉಜ್ಜು ಎಂದು ಹೇಳಿಕೊಡುವ ಕಂಪ್ಯೂಟರು, ಅದೂ ಮುಟ್ಟಿ ನೋಡುವಂಥ ಕಂಪ್ಯೂಟರಲ್ಲ, ವರ್ಚುವಲ್ ಮೆಷೀನು, ದೊಡ್ಡದೊಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತ ಇದ್ದೂ ಇಲ್ಲದ ಕಂಪ್ಯೂಟರು, ಅದರ ಡಿಸ್ಕು ಕೂಡ ಡಿಸ್ಕಲ್ಲ, ಒಂದು ಭಾರೀ ಫೈಲು, ಶನಿವಾರ ಸಂಜೆಗೊಮ್ಮೆ ಸೋಮವಾರ ಸಂಜೆಗೊಮ್ಮೆ ಅದನ್ನು ಮಕ್ಕಿಕಾಮಕ್ಕಿ ನಕಲು ತೆಗೆದಿಡುವುದು ನನ್ನ ಕೆಲಸ, ನಡುವಿನ ಭಾನುವಾರ ತಂತ್ರಾಂಶದ ಕಂಪನಿಯವರು ಎಲ್ಲೋ ದೂರದಲ್ಲಿ ಕೂತು ಹೊಸ ಆವೃತ್ತಿ ಹಾಕಿದರು, ಏನಾದರೂ ಕೆಟ್ಟಿದ್ದರೆ ಈ ಎರಡು ನಕಲುಗಳ ನಡುವೆಯೇ ಸಿಗಬೇಕು. ಸಿಗುತ್ತಿಲ್ಲ.

ಗಿರಾಕಿಯೊಬ್ಬ, ದರ್ಜಿ, ಅವನಿಗೆ ಬಿದ್ದ ಪೆಟ್ಟಂತೂ ನಿಜ, ಒಂದು ಕಣ್ಣು ಹೆಚ್ಚುಕಡಿಮೆ ಸರಿ, ಇನ್ನೊಂದಕ್ಕೆ ದಪ್ಪ ಗಾಜು, ಸೋಮವಾರ ಬಂದು ಅಳತೆಯ ಚೀಟಿ ಕೊಟ್ಟ, ಕನ್ನಡಕ ಬಂತು, ಹಾಕಿಕೊಂಡ, ಅಂಗಡಿಯ ಮೆಟ್ಟಿಲು ಇರುವ ಜಾಗದಲ್ಲಿ ಅವನಿಗೆ ಕಾಣಲಿಲ್ಲ, ಕಂಡ ಜಾಗದಲ್ಲಿ ಇರಲಿಲ್ಲ, ಬಿದ್ದು ಮಣಿಕಟ್ಟು ಮುರಿದುಕೊಂಡ, ಬಲಗಣ್ಣಿನ ಗಾಜು ಎಡಕ್ಕೆ ಎಡಗಣ್ಣಿನದು ಬಲಕ್ಕೆ, ಮಿಕ್ಕವರದೂ ಹಾಗೇ ಬಂದಿತ್ತೋ ಏನೋ, ಎರಡು ಕಣ್ಣಿಗೂ ಹೆಚ್ಚುಕಡಿಮೆ ಒಂದೇ ಪವರ್ ಇದ್ದವರಿಗೆ ಅದಲುಬದಲಾದದ್ದು ಗೊತ್ತೂ ಆಗುವುದಿಲ್ಲ, ತಲೆ ನೋವು ಅಂದುಕೊಂಡು ಸುಮ್ಮನಾಗುತ್ತಾರೆ. ದೂರು ಬಂದ ದಿನವೇ ಕಂಪನಿಯವರು ದೂರದಿಂದಲೇ ಏನೋ ಮಾಡಿದರು, ಈಗ ಸರಿಯಾಗಿ ಉಜ್ಜುತ್ತಿದೆ, ಮೊದಲೂ ಸರಿಯೇ ಇತ್ತು ಅನ್ನುತ್ತಾರೆ, ಚೀಟಿ ನೋಡಿ ಅಂಕಿ ಒತ್ತುವ ಕುರ್ಚಿಯಲ್ಲಿ ಕೂರುವವರು ಅತ್ತಿಗೆ, ನನ್ನ ಅಣ್ಣನ ಹೆಂಡತಿ, ನಾನು ಚಡ್ಡಿ ಹಾಕಿಕೊಳ್ಳುತ್ತಿದ್ದ ಕಾಲದಿಂದ ಅದೇ ಕುರ್ಚಿ, ಹತ್ತು ಬೆರಳಿದ್ದೂ ಒತ್ತುವುದು ಒಂದೇ ಬೆರಳಲ್ಲಿ, ಬಲಗೈ ತೋರುಬೆರಳು, ಕೋಳಿ ಕಾಳು ಹೆಕ್ಕಿದ ಹಾಗೆ, ಆದರೆ ಏನು ವೇಗ, ಕಣ್ಣು ಚೀಟಿಯ ಮೇಲೆ, ಬಾಯಲ್ಲಿ ಬಲ ಎನ್ನುತ್ತಾ ಬಲದ್ದು, ಎಡ ಎನ್ನುತ್ತಾ ಎಡದ್ದು, ಮೊನ್ನೆ ಗಂಟಲಿನ ಮುಂದೆ ಹಾಗೇ ನಿಂತು ವಾದಿಸಿದರು, ನಾನು ಬಾಯಲ್ಲಿ ಹೇಳ್ಕೊಂಡೇ ಒತ್ತೋದು ಸರ್, ಬಲ ಅಂದ ಮೇಲೆ ಎಡದಲ್ಲಿ ಹೇಗೆ ಒತ್ತಲಿ, ನನ್ನ ಬೆರಳೇನು ಮಾತು ಕೇಳದ ಮಗುವಾ. ಅದು ಮೊನ್ನೆ. ನಿನ್ನೆ ನಾನು ಎರಡೂ ಒಂದೇ, ಅತ್ತಿಗೆ, ಎಂದ ಮೇಲೆ ವಾದ ನಿಂತುಹೋಯಿತು, ನೀನು ನೋಡಿದ್ಯಾ, ನೋಡಿದೆ, ಚೆನ್ನಾಗಿ ನೋಡಿದ್ಯಾ, ನೋಡಿದೆ ಅತ್ತಿಗೆ, ಹಾಗಾದ್ರೆ ನಾನೇ ಇರ್ಬೇಕು ಬಿಡು, ನೀನು ಹೇಳಿದ ಮೇಲೆ ಮುಗೀತಲ್ಲ. ಊಟಕ್ಕೆ ಕೂತಾಗ ಅಣ್ಣ ನಗಿಸಲು ನೋಡಿದ, ನಿನ್ನ ಯಂತ್ರಕ್ಕೆ ಬಾಯಿಲ್ಲ, ಇವಳಿಗೆ ಬಾಯಿ ಬಿಟ್ಟರೆ ಬೇರೇನೂ ಇಲ್ಲ, ಬಾಯಿಲ್ಲದ್ದನ್ನ ಯಾಕಪ್ಪಾ ನಂಬ್ತೀಯ, ಅತ್ತಿಗೆ ನಗಲಿಲ್ಲ, ತಿರುಗಿ ಬೈಯಲೂ ಇಲ್ಲ, ಒಲೆ ಆರಿಸಲು ಎದ್ದು ಗುಂಡಿಯ ಮೇಲೆ ಬೆರಳಿಟ್ಟು ನಿಂತೇ ಇದ್ದರು, ಆರಿಸಿ ಬಂದು ಕೂತು ಮತ್ತೆ ಎದ್ದು ಹೋಗಿ ನೋಡಿದರು.

ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ಕೂಡ, ತೋರುಬೆರಳು ಅಂಕಿಗಳ ಮುಂದೆ ಗಾಳಿಯಲ್ಲಿ ನಿಂತಿತು, ಮೂರೇ ಅಲ್ವಾ ನಮ್ಮದು, ಹೌದು ಅತ್ತಿಗೆ ಮೂರು, ಅಷ್ಟು ವರ್ಷದಿಂದ ಬರುವ ಮಹಡಿ, ನೀನೇ ಒತ್ತಪ್ಪಾ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು, ಈ ಹೆಂಗಸು ಎಂದೂ ಯಾರಿಗೂ ನೀನೇ ಒತ್ತು ಎಂದವರಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಮೇಲಿನ ಕೋಣೆಯಲ್ಲಿ ಎಲ್ಲರನ್ನೂ ಕೂರಿಸುತ್ತಾರೆ, ಅತ್ತಿಗೆ ಎದ್ದು ನಿಂತು ತಪ್ಪು ನನ್ನದು ಎನ್ನಬೇಕು, ಹಾಗೆ ಅಂದರೆ ಡಬ್ಬಿಗೆ ಕನ್ನಡಕ ತುಂಬುವ ಕೆಲಸಕ್ಕೆ ಹಾಕುತ್ತಾರೆ, ಅನ್ನದಿದ್ದರೆ ಮನೆಗೆ, ಅದು ಗಂಟಲು ಅವರ ದೊಡ್ಡ ಮನಸ್ಸಂತೆ. ಅದಕ್ಕೇ ಬೆಳಿಗ್ಗೆಯೇ ಬಂದು ಕೂತಿದ್ದೇನೆ, ನಿನ್ನೆ ಹೋಲಿಸಿದ್ದು ತಂತ್ರಾಂಶದ ಫೋಲ್ಡರು ಮಾತ್ರ, ಇವತ್ತು ಇಡೀ ಡಿಸ್ಕು, ಹಳೆಯದು ಎಂಬ ಫೋಲ್ಡರಿನಲ್ಲಿ ಶನಿವಾರ, ಹೊಸದು ಎಂಬ ಫೋಲ್ಡರಿನಲ್ಲಿ ಸೋಮವಾರ, ಮೂಲೆಮೂಲೆ ಹೋಲಿಸು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ, ಹೋಲಿಸಿತು, ಸುಮ್ಮನಾಯಿತು, ಇದೇ ಮೌನ, ಈಗ ಎದುರಿಗಿರುವುದು ಇದೇ — ಆದರೆ ತಡಿ, ಇದೇನಿದು, ಇಡೀ ಡಿಸ್ಕಿನಲ್ಲಿ ಒಂದೂ ಇಲ್ಲವೆಂದರೆ ಹೇಗೆ, ಸೋಮವಾರ ಬಂದ ಚೀಟಿಗಳು ಸೋಮವಾರದ್ದರಲ್ಲಿ ಇರಬೇಕು, ಶನಿವಾರದ್ದರಲ್ಲಿ ಇರಬಾರದು, ಅದಾದರೂ ವ್ಯತ್ಯಾಸವಲ್ಲವೇ, ಯಂತ್ರ ತಾನು ಎದ್ದದ್ದು ಮಲಗಿದ್ದು ಬರೆದಿಡುತ್ತದಲ್ಲ ಅದಾದರೂ, ಭಾನುವಾರ ಕಂಪನಿಯವರು ಹೊಸದು ಹಾಕಿದ್ದಂತೂ ಹಾಕಿದ್ದೇ, ಅವರೇ ಹೇಳುತ್ತಾರೆ, ಅದೂ ಬೇಡವೇ, ಒಂದು ವಾರಾಂತ್ಯ ಕಳೆದರೂ ಒಂದು ಧೂಳಿನ ಕಣವೂ ಅಲ್ಲಾಡದ ಮನೆ ಯಾವುದು. ಹಳೆಯದು ತೆರೆದೆ. ಚೀಟಿಗಳ ಫೋಲ್ಡರಿಗೆ ಹೋದೆ. ದರ್ಜಿ ಇದ್ದಾನೆ. ಶನಿವಾರದೊಳಗೆ ದರ್ಜಿ ಇದ್ದಾನೆ, ಬಲ ಎಡ ಅದಲುಬದಲಾಗಿ, ಸೋಮವಾರ ಬಂದವನು ಶನಿವಾರವೇ ಬಂದು ಕೂತಿದ್ದಾನೆ, ಹೊಸದು ತೆರೆದೆ, ಅಲ್ಲಿಯೂ ಇದ್ದಾನೆ, ಹಾಗಾದರೆ ಅವನು ಬಂದದ್ದು ಶನಿವಾರವಾ, ಇಲ್ಲ, ಸೋಮವಾರ, ಅತ್ತಿಗೆ ಅವತ್ತು ಹಸಿರು ಸ್ವೆಟರು ಹಾಕಿಕೊಂಡಿದ್ದರು, ಹಸಿರು ಸ್ವೆಟರು ಸೋಮವಾರವಾ, ಇಲ್ಲ ನಾನು ನಕಲುಗಳಿಗೆ ಹೆಸರಿಡುವಾಗ ಅದಲುಬದಲು ಮಾಡಿದೆನಾ, ಮಾಡಿದ್ದರೂ ಎರಡೂ ಬೇರೆಯೇ ಇರಬೇಕಲ್ಲ, ಶನಿವಾರ ನಕಲು ತೆಗೆಯಲೇ ಇಲ್ಲವಾ, ತೆಗೆದೆ, ತೆಗೆದು ಬೀಗ ಹಾಕಿ ಹೊರಟೆ, ಹೊರಟೆನಾ, ನನಗೂ ಅತ್ತಿಗೆಯ ರೋಗ ಹತ್ತಿತಾ, ತಲೆ ಚಿಟ್ಟು ಹಿಡಿಯುತ್ತಿದೆ, ಭಯವಾಗುತ್ತಿದೆ, ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡೆ, ಹಾಕಿಕೊಂಡರೂ ದರ್ಜಿ ಅಲ್ಲೇ ಇದ್ದಾನೆ.

ಈ ಕನ್ನಡಕ ಹಾಕಿಸಿದ್ದೂ ಅತ್ತಿಗೆಯೇ, ಇದಲ್ಲ, ಇದರ ಮುತ್ತಜ್ಜ, ಮೊದಲನೆಯದು, ಮದುವೆಯಾಗಿ ಬಂದ ಹೊಸತರಲ್ಲಿ ನಾನು ಪುಸ್ತಕವನ್ನು ಮೂಗಿಗೆ ಒತ್ತಿಕೊಂಡು ಓದುವುದನ್ನು ನೋಡಿ, ಇವನಿಗೆ ಕಣ್ಣು ಕಾಣ್ಸಲ್ಲ, ನಿಮಗ್ಯಾರಿಗೂ ಗೊತ್ತೇ ಆಗಿಲ್ವಾ, ಅಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು, ಮಾರನೇ ದಿನವೇ ಕೈಹಿಡಿದು ಇಲ್ಲಿಗೇ ಕರೆತಂದರು, ಆಗ ಕಣ್ಣು ಪರೀಕ್ಷೆ ಮಾಡುತ್ತಿದ್ದದ್ದು ಒಬ್ಬ ಬೋಳು ತಲೆಯ ಮುದುಕರು, ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ ಗಾಜು ಹಾಕಿ ತೆಗೆದು, ಇದು ಚೆನ್ನಾಗಿ ಕಾಣುತ್ತಾ, ಇದಾ, ನನಗೆ ತಪ್ಪು ಹೇಳಿದರೆ ಬೈಯುತ್ತಾರೆಂದು ಭಯ, ಎರಡನೇದು ಎಂದೆ, ಖಂಡಿತಾನಾ, ಖಂಡಿತಾ, ಎರಡನೇದು ತುಂಬಾ ಚೆನ್ನಾಗಿದೆ, ಮುದುಕರೂ ಅತ್ತಿಗೆಯೂ ಬಿದ್ದು ಬಿದ್ದು ನಕ್ಕರು, ಅಯ್ಯೋ ಪೆದ್ದೇ, ಅವರು ಅದೇ ಗಾಜು ತೆಗೆದು ಅದನ್ನೇ ಮತ್ತೆ ಹಾಕಿದ್ರು, ಎರಡು ಸಲ ಒಂದನ್ನೇ ನೋಡಿದ್ದೀಯ — ಒಂದನ್ನೇ. ಎರಡು ಸಲ. ಡಿಸ್ಕನ್ನು ಫೋಲ್ಡರಿಗೆ ಜೋಡಿಸುವಾಗ ನಾನು ಹೇಳಿದ್ದು ಫೈಲಿನ ಹೆಸರನ್ನಲ್ಲ, ಡಿಸ್ಕಿನ ಗುರುತಿನ ಸಂಖ್ಯೆಯನ್ನು, ಈ ಗುರುತಿನ ಡಿಸ್ಕನ್ನು ಇಲ್ಲಿ ತೋರಿಸು, ಆ ಗುರುತಿನದನ್ನು ಅಲ್ಲಿ ತೋರಿಸು, ರೂಢಿ, ಕೈಗೆ ಬಂದ ರೂಢಿ, ಆದರೆ ಎರಡೂ ಒಂದೇ ಡಿಸ್ಕಿನ ನಕಲಲ್ಲವೇ ಬೆಪ್ಪೇ, ನಕಲಿನಲ್ಲಿ ಗುರುತಿನ ಸಂಖ್ಯೆಯೂ ನಕಲಾಗುತ್ತದೆ, ಇಬ್ಬರಿಗೂ ಒಂದೇ ಗುರುತು, ಕಂಪ್ಯೂಟರು ಮೊದಲು ಕೈಗೆ ಸಿಕ್ಕ ಸೋಮವಾರವನ್ನೇ ಎರಡು ಫೋಲ್ಡರಿಗೂ ಜೋಡಿಸಿ ಕೂತಿದೆ, ಎರಡು ಬಾಗಿಲು, ಒಂದೇ ಕೋಣೆ, ಸೋಮವಾರವನ್ನು ಸೋಮವಾರದೊಂದಿಗೇ ಹೋಲಿಸಿ ಏನೂ ಬದಲಾಗಿಲ್ಲ ಎಂದು ಹೇಳಿ ಬಂದೆ, ಶನಿವಾರವನ್ನು ಇನ್ನೂ ತೆರೆದೇ ಇಲ್ಲ, ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಕಳಚಿದೆ, ಎರಡನ್ನೂ ಕಳಚಿದೆ, ಈ ಸಲ ಒಂದೊಂದನ್ನೇ ಫೈಲಿನ ಹೆಸರು ಹಿಡಿದು ಜೋಡಿಸಿ, ಹಳೆಯದರಲ್ಲಿ ದರ್ಜಿ ಇಲ್ಲವೆಂದು ನೋಡಿಕೊಂಡು, ಇಲ್ಲ, ಅಬ್ಬಾ ಇಲ್ಲ, ಹೋಲಿಸು ಎಂದೆ, ಬಾಯಿ ಬಿಟ್ಟಿತು, ಸಾಲಿನ ಮೇಲೆ ಸಾಲು, ಸಾಲಿನ ಮೇಲೆ ಸಾಲು, ನಿಲ್ಲು ಎಂದರೂ ನಿಲ್ಲದಷ್ಟು, ಚೀಟಿಗಳು, ಎದ್ದದ್ದು ಮಲಗಿದ್ದು, ಹೊಸ ಚಿತ್ರಗಳು, ಅವುಗಳ ನಡುವೆ ಒಂದು ಸಣ್ಣ ಫೈಲು, ಯಾವ ಅಂಕಿ ಯಾವ ಕಣ್ಣಿಗೆ ಎಂದು ಹೇಳುವಂಥದ್ದು, ಎರಡೇ ಸಾಲು, ಹಳೆಯದರಲ್ಲಿ ಮೊದಲು ಬಲ ಆಮೇಲೆ ಎಡ, ಹೊಸದರಲ್ಲಿ ಮೊದಲು ಎಡ ಆಮೇಲೆ ಬಲ, ಪರದೆಯ ಮೇಲೆ ಬಲ ಎಂದೇ ತೋರಿಸಿ ಒಳಗೊಳಗೇ ಎಡಕ್ಕೆ ಬರೆದುಕೊಳ್ಳುತ್ತಿತ್ತು, ಅತ್ತಿಗೆ ಸರಿಯಾಗಿಯೇ ಒತ್ತಿದ್ದಾರೆ, ಸರಿಯಾಗಿಯೇ ಒತ್ತಿದ್ದಾರೆ.

ಲಿಫ್ಟಿಗೆ ಕಾಯಲಿಲ್ಲ, ಮೆಟ್ಟಿಲು, ಒಂದು ಚಪ್ಪಲಿ ಎಲ್ಲೋ ಕಳಚಿತು, ಬಿಡು, ಏನು ಹೇಳಬೇಕು, ಸರ್ ನಾನು ಕತ್ತೆ ಎನ್ನಬೇಕು, ಅದು ಸಾಲದು, ಮೊದಲು ಫೈಲಿನ ಮಾತು, ಬಾಗಿಲು ತಳ್ಳಿದೆ, ಎಲ್ಲರೂ ಕೂತಿದ್ದಾರೆ, ಅತ್ತಿಗೆ ನಿಂತಿದ್ದಾರೆ, ಮಾತು ಆಗಲೇ ಮುಗಿದಂತಿದೆ, ಸರ್, ಅತ್ತಿಗೆಯದಲ್ಲ, ತಪ್ಪು ನಂದು, ನಿನ್ನೆ ನಾನು ಸೋಮವಾರದ್ದನ್ನೇ ಎರಡು ಸಲ ನೋಡಿದೆ, ಶನಿವಾರದ್ದು ಬೇರೆ ಇದೆ, ಬಲ ಎಡ ತಿರುಗಿಸಿದ್ದು ಕಂಪನಿಯವರು, ಬನ್ನಿ ತೋರಿಸ್ತೀನಿ, ಉಸಿರು ಸಿಗುತ್ತಿಲ್ಲ, ಗಂಟಲು ಅವರು ಗಂಟಲು ಸರಿಮಾಡಿಕೊಂಡು ನನ್ನನ್ನೂ ಅತ್ತಿಗೆಯನ್ನೂ ನೋಡಿದರು, ಈಗ ಅತ್ತಿಗೆ ನಗುತ್ತಾರೆ, ಅಯ್ಯೋ ಪೆದ್ದೇ ಎನ್ನುತ್ತಾರೆ, ಎನ್ನಲಿ, ತಲೆಗೆ ಮೊಟಕಲಿ, ಅತ್ತಿಗೆ ನಗುತ್ತಿಲ್ಲ, ಬೇಡಪ್ಪಾ ಎನ್ನುತ್ತಿದ್ದಾರೆ, ಮೆತ್ತಗೆ, ಜ್ವರ ಬಂದಾಗ ನನಗೆ ಹೇಳುತ್ತಿದ್ದ ದನಿಯಲ್ಲಿ, ಬೇಡಪ್ಪಾ, ನನ್ನನ್ನ ಉಳಿಸೋಕೆ ಅಂತ ಏನೇನೋ ಹೇಳ್ಬೇಡ, ನೀನು ನಿನ್ನೆ ಹೇಳಿದ ಮೇಲೆ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ, ನೆನಪು ಬಂತು. ಏನು ನೆನಪು, ಅತ್ತಿಗೆ, ಅಂಥದ್ದು ಏನೂ ಆಗೇ ಇಲ್ಲ, ನಾನು ಫೈಲು ನೋಡಿ ಬಂದೆ. ಆಗಿದೆ, ಯಾರೋ ಬಾಗಿಲಲ್ಲಿ ನನ್ನ ಕರೆದ್ರು, ತಿರುಗಿದೆ, ಬಾಯಲ್ಲಿ ಬಲ ಅಂತಿದ್ದೆ, ಕೈ ಎಡಕ್ಕೆ ಹೋಗ್ಬಿಡ್ತು, ನನಗೆ ಕಾಣ್ತಾ ಇದೆ, ಈಗ್ಲೂ ಕಾಣ್ತಾ ಇದೆ, ಅವರಿಗೆ ಕಾಣುತ್ತಿದೆ, ನಡೆಯದೇ ಇದ್ದದ್ದು, ನಾನು ಹೇಳಿದೆನೆಂದು, ಇದನ್ನು ಯಾವುದರ ಪಕ್ಕ ಇಟ್ಟು ಹೋಲಿಸಲಿ, ಯಂತ್ರದ ಶನಿವಾರ ಕೆಳಗೆ ಕೋಣೆಯಲ್ಲಿದೆ, ಅತ್ತಿಗೆಯದು ಎಲ್ಲಿದೆ, ಅತ್ತಿಗೆ, ಇಲ್ಲ, ನೀವು ಸರಿಯಾಗೇ ಒತ್ತಿದ್ರಿ, ಇಲ್ಲಪ್ಪಾ ನೋಡು, ಹೀಗೆ, ಬಲಗೈ ಮೇಲೆತ್ತಿದರು, ತೋರುಬೆರಳು, ಏನೂ ಇಲ್ಲದ ಮೇಜಿನ ಮೇಲೆ ಎಡಕ್ಕೆ ಸರಿಯಿತು, ಇಳಿಯಿತು, ಇಲ್ಲಿ ಒತ್ತಿದೆ, ಇಲ್ಲೇ, ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತುತ್ತಿದ್ದಾರೆ, ಎತ್ತಿದರು, ಮತ್ತೆ ಎಡಕ್ಕೆ, ಮತ್ತೆ ಒತ್ತಿದರು, ಆ ಬೆರಳು, ಎಡಕ್ಕೆ, ಆ ಬೆರಳು —