ವಿಬೆಲ್ಲಿಯಸ್ ಹಿಡಿದ ಸೆರೆಯಾಳುಗಳು

"ಬಾಯಿ ತೆಗಿಯೋ ಬೋಳಿಮಗನೆ."

ಸಿಪಾಯಿ ನನ್ನ ದವಡೆ ಹಿಡಿದು ಅಗಲಿಸಿ ಹಲ್ಲು ನೋಡಿದ. ಕೈಯಲ್ಲಿದ್ದ ಕುಡುಗೋಲು ಕಿತ್ತು ಎಸೆದ. ಎನ್ನಾ ಎಂಬ ಬೆಟ್ಟದ ಕೆಳಗಿನ ಗೋಧಿ ಹೊಲದಲ್ಲಿ ಕೊಯ್ಲಿಗೆ ಬಗ್ಗಿದ್ದ ನಮ್ಮಲ್ಲಿ ಇಪ್ಪತ್ತು ಗುಲಾಮರನ್ನು ಆರಿಸಿ, ಕುತ್ತಿಗೆಗೆ ಕಬ್ಬಿಣದ ಬಳೆ ಬಡಿದು, ಒಂದೇ ಸರಪಳಿಗೆ ಪೋಣಿಸಿದರು.

ಮೇಸ್ತ್ರಿ ಓಡಿ ಬಂದ. "ಇವು ದಂಗೆ ಎದ್ದು ಬೆಟ್ಟಕ್ಕೆ ಓಡಿಹೋದವಲ್ಲ ಬುದ್ಧಿ. ನಮ್ಮ ಕೊಯ್ಲಿನೋವು."

ಕುದುರೆಯ ಮೇಲಿದ್ದ ವಿಬೆಲ್ಲಿಯಸ್ ನಕ್ಕ. "ರೋಮಿನೋರಿಗೇನು ಗೊತ್ತು? ಎಲ್ಲಾ ಒಂದೇ ಮೂತಿ."

ಹೋದ ವರ್ಷದವರೆಗೂ ಅವನು ಬಂದರಿನಲ್ಲಿ ಧಾನ್ಯದ ಹಡಗು ನೋಡಿಕೊಳ್ಳುವ ಅಧಿಕಾರಿ. ಗುಲಾಮರು ದಂಗೆ ಎದ್ದಾಗ ಆರುನೂರು ಜನರ ದಂಡನಾಯಕನಾದ. ಒಂದು ತಿಂಗಳ ಹಿಂದೆ ಕಣಿವೆಯಲ್ಲಿ ಆ ದಂಡು ದಂಗೆಕೋರರಿಗೆ ಸೋತು ಚೆಲ್ಲಾಪಿಲ್ಲಿಯಾಯಿತು. ಗೆದ್ದೆ ಎಂದು ಅವನು ರೋಮಿಗೆ ಬರೆದ. ಈಗ ಅಲ್ಲಿಂದ ವಿಚಾರಣೆಗೆ ಆಳುವ ಸಭೆಯ ಒಬ್ಬ ಹಿರಿಯ ಬಂದಿದ್ದ. ಅವನಿಗೆ ಸೆರೆಯಾಳುಗಳನ್ನು ತೋರಿಸಬೇಕಿತ್ತು.

"ಕಣಿವೇಲಿ ಸಿಕ್ಕಿಬಿದ್ವಿ ಅನ್ನಿ, ಗಣಿಗೆ ಕಳಿಸ್ತೀನಿ. ಬೇರೆ ಏನಾರ ಅಂದ್ರೆ ಶಿಲುಬೆ," ಎಂದು ವಿಬೆಲ್ಲಿಯಸ್ ನಮಗೆ ಹೇಳಿದ.

ನಮ್ಮಲ್ಲಿ ಎಲ್ಲರಿಗಿಂತ ಮುದುಕ, ಫ್ರಿಜಿಯಾ ದೇಶದ ಮಾನೆಸ್. ಅವನನ್ನು ಸಾಲಿನ ಮುಂದೆ ನಿಲ್ಲಿಸಿ ಹಣೆಗೆ ಕತ್ತಿಯ ಹಿಡಿಯಿಂದ ಗುದ್ದಿಸಿದ. ದಂಗೆಯ ನಾಯಕ ಇವನೇ ಎಂದು ತೋರಿಸಲು ಮೈಮೇಲೆ ಗಾಯ ಇರಬೇಕಂತೆ.

ಕಣದ ಚಪ್ಪರದಲ್ಲಿ ಹಿರಿಯ ಅಂಜೂರ ತಿನ್ನುತ್ತಾ ಕೂತಿದ್ದ. "ನೀನೇ ನಾಯಕನೇನೋ? ಎಷ್ಟು ಜನ ಇದ್ರಿ?"

ಮಾನೆಸ್ ರಕ್ತ ಒರೆಸಿಕೊಂಡು ವಿಬೆಲ್ಲಿಯಸ್ ಕಡೆ ಬೆರಳು ತೋರಿಸಿದ. "ನಾನು ಕಣಿವೆ ಕಂಡೇ ಇಲ್ಲ. ಈವಯ್ಯನ್ನ ಕಂಡಿವ್ನಿ. ಕಾಲಲ್ಲಿ ಚಪ್ಪಲಿ ಇಲ್ದೆ ನಮ್ಮ ಗೋಧಿ ಒಳಗೆ ಓಡಿ ಬಂದ. ನೀರು ಕೇಳ್ದ, ಕೊಟ್ಟೆ. ಹುಲ್ಲಿನ ಕಟ್ಟಿನಡಿ ಬಚ್ಚಿಟ್ಟೆ. ನನ್ನ ಕೈಗೆ ಮುತ್ತಿಟ್ಟ."

ಸಿಪಾಯಿಗಳು ನೆಲ ನೋಡಿದರು. ಹಿರಿಯ ನನ್ನತ್ತ ತಿರುಗಿದ. "ನಿಜವೇನೋ?"

ಅವತ್ತು ನೀರಿನ ಮಡಕೆ ಹೊತ್ತು ತಂದವನು ನಾನೇ.

"ಕಣಿವೇಲಿ ಸಿಕ್ಕಿಬಿದ್ವಿ ಬುದ್ಧಿ," ಎಂದೆ.

ಮಾನೆಸ್ ನನ್ನ ಕಡೆ ನೋಡಲಿಲ್ಲ.

ಹಿರಿಯ ಬೆರಳು ಒರೆಸಿಕೊಂಡು ಎದ್ದ. "ಮುದುಕ ಸುಳ್ಳು ಹೇಳ್ತಿಲ್ಲ ಅಂತ ನಂಗೂ ಗೊತ್ತು ವಿಬೆಲ್ಲಿಯಸ್. ಆದ್ರೆ ರೋಮಿಗೆ ಈಗ ಒಂದು ಗೆಲುವು ಬೇಕು. ನನ್ನ ಜೊತೆ ಬಂದಿರೋ ಸಾವಿರ ಜನಾನ ಕೊಡ್ತೀನಿ, ಬೆಟ್ಟ ಹತ್ತಿ ದಂಗೆ ಅಡಗಿಸು. ಇವನ ಬಾಯಿ ಮುಚ್ಚಿಸು."

ಮಾನೆಸ್‌ನ ಕತ್ತಿನ ಬಳೆ ಬಿಚ್ಚಿ ಅವನನ್ನು ದಾರಿಬದಿಯ ಶಿಲುಬೆಗೆ ಏರಿಸಿದರು. ಮಾರನೆ ದಿನ ಗಣಿಗೆ ಹೊರಟ ನಮ್ಮನ್ನು ಅದರ ಕೆಳಗೇ ನಡೆಸಿದರು. ಅವನಿಗೆ ಇನ್ನೂ ಉಸಿರಿತ್ತು.

"ಗಣೀಲಿ ಎಷ್ಟು ದಿನ ಬದುಕ್ತೀಯಲಾ, ಮಗಾ?" ಎಂದ. ಹಂಗಿಸಿದ್ದಲ್ಲ. ನಿಜವಾಗಿಯೂ ಕೇಳಿದ.

ಹೊಳೆ ದಾಟುವಾಗ ನಾನು ನಡುನೀರಿನಲ್ಲಿ ನಿಂತುಬಿಟ್ಟೆ. ನನ್ನ ಹಿಂದೆ ಸರಪಳಿಯೆಲ್ಲ ನಿಂತಿತು. ಸಿಪಾಯಿ ಬೈಯುತ್ತಾ ಚಾಟಿ ಹಿಡಿದು ನೀರಿಗಿಳಿದ. ತೋಳಳತೆಗೆ ಬರುವವರೆಗೂ ಕಾದೆ. ಆಮೇಲೆ ಎಲ್ಲರೂ ಅವನ ಮೇಲೆ ಬಿದ್ದೆವು; ಅವನ ಕಾಲು ಒದ್ದಾಡುವುದು ನಿಲ್ಲುವವರೆಗೂ ಏಳಲಿಲ್ಲ. ದಡದಲ್ಲಿದ್ದ ಮೂವರು ಸಿಪಾಯಿಗಳು ಕಣಿವೆಯಲ್ಲಿ ಓಡಿದ್ದವರೇ. ಮತ್ತೆ ಓಡಿದರು.

ಸರಪಳಿ ಎಳೆದುಕೊಂಡೇ ಬೆಟ್ಟ ಹತ್ತಿದೆವು. ದಂಗೆಕೋರರ ಕಮ್ಮಾರ ಒಂದೊಂದೇ ಬಳೆ ಮುಟ್ಟುತ್ತಾ ಬಂದು ನನ್ನ ಮುಂದೆ ನಿಂತ.

"ಮುಂದ್ಗಡೆ ಇದೊಂದು ಖಾಲಿ ಐತೆ. ಇದರೋನು ಎಲ್ಲಿ?"

ಹೇಳಿದೆ. ನಾನು ಆಡಿದ ಸುಳ್ಳನ್ನೂ ಹೇಳಿದೆ.

ಅವನು ಖಾಲಿ ಬಳೆ ಕೈಬಿಟ್ಟು ಉಳಿ ಎತ್ತಿಕೊಂಡ. "ಬಂಡೆ ಮೇಲೆ ಕುತ್ತಿಗೆ ಇಡು. ಅಲ್ಲಾಡಬ್ಯಾಡ."

ಕೆನ್ನೆ ಬಂಡೆಗೆ ಒತ್ತಿತು. ಕೆಳಗೆ ಬಯಲಿನ ದಾರಿಯಲ್ಲಿ ವಿಬೆಲ್ಲಿಯಸ್‌ನ ಹೊಸ ಸಾವಿರ ಜನರ ದಂಡಿನ ಧೂಳು ಏಳುತ್ತಿತ್ತು. ಕಮ್ಮಾರ ನನ್ನ ಬಳೆಯ ಕೀಲಿಗೆ ಉಳಿ ಇಟ್ಟು ಸುತ್ತಿಗೆ ಎತ್ತಿದ.